ಒಳಗಿರುವವರು ಒಬ್ಬರು

ಮತ್ತೆ ಆ ಸದ್ದು, ಬ್ಯಾಟರಿ ಪೆಟ್ಟಿಗೆಯ ಒಳಗಿಂದ, ಯಾರೋ ಹಲ್ಲು ಕಡಿಯುತ್ತ ನಿದ್ದೆ ಹೋದ ಹಾಗೆ, ಆಗಿನಿಂದ ಇತ್ತೋ ಈಗಷ್ಟೇ ಶುರುವಾಯಿತೋ, ಕಿವಿಗೆ ಬಿದ್ದದ್ದು ಮಾತ್ರ ಈಗ, ಯಾಕೆಂದರೆ ಕರೆಂಟು ಹೋದ ಮೇಲೆ ಇಡೀ ಕಟ್ಟಡವೇ ಬಾಯಿ ಮುಚ್ಚಿಕೊಂಡು ಕೂತಿದೆ, ಫ್ಯಾನುಗಳಿಲ್ಲ, ಪಕ್ಕದ ಹಾಲಿನಲ್ಲಿ ದಪ್ಪ ಕಾಗದಕ್ಕೆ ಬ್ರೈಲ್ ಚುಕ್ಕಿ ಒತ್ತುವ ಯಂತ್ರದ ಢಬಢಬ ಇಲ್ಲ, ಹೊರಗೆ ಬೀದಿಯಲ್ಲಿ ಏಣಿ ಹಾಕಿಕೊಂಡ ಲೈನ್‌ಮನ್‌ಗಳ ಕೂಗಾಟ ಒಂದು ಬಿಟ್ಟರೆ, ಹಗ್ಗ ಬಿಡೋ, ಬಿಡು ಅಂದ್ರೆ ಎಳೀತಾನಲ್ಲ ಇವನು — ಅದು ಬಿಟ್ಟರೆ ಈ ಹಲ್ಲು ಕಡಿತ, ಅದು ಬಿಟ್ಟರೆ ಕಂಪ್ಯೂಟರ್ ನೋಡಿಕೊಳ್ಳುವ ಆಕೆಯ ಎದುರಿನ ಪರದೆ, ಪರದೆಯ ಮೇಲೆ ಒಂದೇ ಸಾಲು, ಒಳಗಿರುವವರು ಒಬ್ಬರು. ಸ್ವಲ್ಪ ಹೊತ್ತಿನ ಮುಂಚೆ ಪರದೆ ತುಂಬ ಹೆಸರುಗಳಿದ್ದವು, ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿಯಾಗುವಂತೆ ಒಬ್ಬೊಬ್ಬರೇ ಇಳಿದರು, ಹಳೇ ಟ್ರಾನ್ಸ್‌ಫಾರ್ಮರ್ ಬದಲಿಸುತ್ತಿದ್ದಾರೆ, ನಾವೆಲ್ಲರೂ ಬಳಸುವ ಕಂಪ್ಯೂಟರ್ ಯಂತ್ರವನ್ನು ನಿಲ್ಲಿಸಲಾಗುವುದು, ದಯವಿಟ್ಟು ನಿಮ್ಮ ಕೆಲಸ ಉಳಿಸಿ ಹೊರಬನ್ನಿ ಎಂದು ಆಕೆ ಎಲ್ಲರ ಪರದೆಗೂ ಒಂದೇ ಏಟಿಗೆ ಕಳಿಸಿದ್ದೇ ತಡ, ಕರಡು ತಿದ್ದುವವನು, ಮಾತಿನ ಮಧ್ಯೆ ನಿಂತು ನಿಂತು ಉಸಿರೆಳೆಯುತ್ತಾನೆಂದು ಎಲ್ಲರೂ ಅಲ್ಪವಿರಾಮ ಅಂತಲೇ ಕರೆಯುವವನು, ಅವನು ಮಾತ್ರ ಇದಕ್ಕೇ ಕಾಯುತ್ತಿದ್ದವನ ಹಾಗೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಾಯ, ಪುಣ್ಯಾತ್ಮ, ಮುಟ್ಟಿ ನೋಡುವ ಭೂಪಟ ಮಾಡುವವಳು ಫೋನು ಮಾಡಿ, ನಿಜವಾಗ್ಲೂ ನಿಲ್ಲಿಸ್ತೀರೋ ಸುಮ್ನೆ ಹೆದರಿಸ್ತಿದೀರೋ, ಅರ್ಧ ಸಮುದ್ರ ಬಾಕಿ ಇದೆ ನನಗೆ, ಅಂದಳು, ಇನ್ನು ಸೂಪರಿಂಟೆಂಡೆಂಟ್ ಸಾಹೇಬರು ಪರದೆಯ ಗುಂಡಿ ಒತ್ತಿ ಕತ್ತಲು ಮಾಡಿಕೊಂಡು ಆಯ್ತಮ್ಮ ನಂದು ಎಂದು ಬೀದಿಗೆ ಇಳಿದೇಬಿಟ್ಟಿದ್ದರು, ಪರದೆ ಆರಿಸಿದರೆ ಯಂತ್ರದಿಂದ ಹೊರಬಂದಂತಲ್ಲ ಸಾರ್ ಎಂದು ಇಷ್ಟು ವರ್ಷದಲ್ಲಿ ಎಷ್ಟು ಸಲ ಹೇಳಿದ್ದಾಳೆ, ಕಿಟಕಿಯಿಂದ ಕೂಗಿ ವಾಪಸು ಕರೆಸಿದಳು, ಕೈಹಿಡಿದು ಎಳೆತರುವುದೊಂದು ಕಮ್ಮಿ. ಅವರೂ ಆದರು. ಈಗ ಒಬ್ಬರು.

ಆ ಒಬ್ಬರು ಯಾರೆಂದು ಪರದೆ ನೋಡಿ ತಿಳಿಯಬೇಕಾಗಿಲ್ಲ, ಆದರೂ ನೋಡಿದಳು, ಮೂರನೇ ಮಹಡಿ, ತುದಿಯ ಕೋಣೆ, ಆಕೆಯ ನಾದಿನಿ, ಗಂಡನ ಒಬ್ಬಳೇ ತಂಗಿ, ಇದೇ ಮುದ್ರಣಾಲಯದಲ್ಲಿ ಪುಸ್ತಕಗಳನ್ನು ಬ್ರೈಲಿಗೆ ತರುವವಳು, ಹುಟ್ಟಿನಿಂದ ಕಣ್ಣಿಲ್ಲದವಳು, ಅವಳ ಹೆಸರಿನ ಮುಂದೆ ಸುಮ್ಮನಿದ್ದ ಸಮಯ ಎನ್ನುವ ಕಡೆ ಸೊನ್ನೆ. ಅಂದರೆ ಈ ಕ್ಷಣ ಟೈಪು ಮಾಡುತ್ತಿದ್ದಾಳೆ. ಏನು ಮಾಡುತ್ತಿದ್ದಾಳೆ ಮಹರಾಯಿತಿ, ಎಲ್ಲರೂ ಎದ್ದು ಹೋದದ್ದು ಕೇಳಿಸಲಿಲ್ಲವೇ, ಬಾಗಿಲುಗಳ ಸದ್ದಿಗೇ ಯಾರು ಎಲ್ಲಿಗೆ ಹೊರಟರೆಂದು ಹೇಳುವವಳು ಅವಳು, ಕೇಳಿಸದೆ ಏನು, ಇದು ಬೇಕೆಂದೇ ಮಾಡುತ್ತಿರುವುದು, ಮುನಿಸು, ಮನೆಯಲ್ಲಿ ಸಾಲದೆಂದು ಇಲ್ಲಿಗೂ ತಂದಿದ್ದಾಳೆ ಮುನಿಸನ್ನು, ಯಂತ್ರವನ್ನೂ ಎಲ್ಲರ ಕೀಲಿಮಣೆಗಳನ್ನೂ ನಡೆಸುತ್ತಿರುವ ಬ್ಯಾಟರಿಯ ಮುಳ್ಳು ನೋಡಿದರೆ ಅರ್ಧಕ್ಕಿಂತ ಕೆಳಗೆ ಬಂದಿದೆ, ಮುಂದಿನ ತಿಂಗಳು ಶಾಲೆಗಳಿಗೆ ಹೋಗಬೇಕಾದ ಅಷ್ಟೂ ಪಾಠಪುಸ್ತಕ ಇದೇ ಯಂತ್ರದ ಹೊಟ್ಟೆಯಲ್ಲಿದೆ, ಒಳಗೆ ಒಬ್ಬರು ಬರೆಯುತ್ತಿರುವಾಗ ಬ್ಯಾಟರಿ ಕೈಕೊಟ್ಟರೆ ಅವರ ಬರಹ ಮಾತ್ರವಲ್ಲ, ಅಕ್ಕಪಕ್ಕದವರದ್ದೂ ಕಲಸುಮೇಲೋಗರ. ದೊಡ್ಡ ಮೇಷ್ಟ್ರು, ಆಕೆಗೆ ಈ ಕೆಲಸ ಕಲಿಸಿದವರು, ಹೇಳುತ್ತಿದ್ದರಲ್ಲ, ಯಂತ್ರ ನಿಲ್ಲಿಸೋದು ಅಂದ್ರೆ ದೀಪ ಆರಿಸೋದಲ್ಲ ಮಗಳೇ, ಮನೆ ತುಂಬ ನೆಂಟರಿರೋವಾಗ ಬಾಗಿಲು ಹಾಕೋದು, ಮೊದಲು ಎಲ್ಲರಿಗೂ ಹೇಳು, ಆಮೇಲೆ ಹೊಸಬರನ್ನ ಒಳಗೆ ಬಿಡಬೇಡ, ಇರೋರು ಅವರವರ ಗಂಟು ಕಟ್ಟಿಕೊಳ್ಳಲಿ, ಯಾರನ್ನೂ ಕತ್ತು ಹಿಡಿದು ನೂಕಬೇಡ. ಮೊದಲು ಎಲ್ಲರಿಗೂ ಹೇಳು. ಹೇಳಿದ್ದಾಳಲ್ಲ. ಎಲ್ಲರ ಪರದೆಯ ಕೆಳಗಿನ ಸಾಲಿನಲ್ಲಿ ಬಂದಿದೆಯಲ್ಲ — ಅಯ್ಯೋ. ಪರದೆಯ ಕೆಳಗಿನ ಸಾಲು. ನಾದಿನಿಗೆ ಪರದೆ ಎಲ್ಲಿಂದ ಬರಬೇಕು, ಅವಳು ಅದನ್ನು ಹಾಕಿಕೊಳ್ಳುವುದೂ ಇಲ್ಲ, ಯಾರ ಚೆಂದಕ್ಕೆ ಅತ್ತಿಗೆ, ಗೋಡೆಗೆ ತೋರಿಸಲಿಕ್ಕಾ, ಎಂದು ನಗುವವಳು, ಅವಳಿಗಿರುವುದು ಕೀಲಿಮಣೆಯ ಕೆಳಗೆ ಕೂರಿಸಿದ ಚುಕ್ಕಿಪಟ್ಟಿ, ಸಾಸಿವೆ ಕಾಳಿನಷ್ಟು ಮೊಳೆಗಳು ಮೇಲೇಳುತ್ತವೆ ಇಳಿಯುತ್ತವೆ, ಅವಳು ಬೆರಳಿಟ್ಟು ಓದುತ್ತಾಳೆ, ಆ ಪಟ್ಟಿಗೆ ಬರುವುದು ಅವಳು ಬರೆಯುತ್ತಿರುವ ಸಾಲು ಮಾತ್ರ, ಕೆಳಗಿನ ಸಾಲಿಗೆ ಏನಾದರೂ ಬಂದರೆ ತಿಳಿಯುತ್ತಿದ್ದದ್ದು ಬೆಲ್ಲಿನಿಂದ, ಟಿಂಗ್ ಅಂದರೆ ಒಂದು ಗುಂಡಿ ಒತ್ತಿ ಆ ಸಾಲನ್ನು ಪಟ್ಟಿಗೆ ತರಿಸಿಕೊಂಡು ಓದುತ್ತಿದ್ದಳು. ಆ ಬೆಲ್ಲನ್ನು ಆರಿಸಿದವರು ಯಾರು? ಹೋದ ವಾರ ಸೂಪರಿಂಟೆಂಡೆಂಟ್ ಸಾಹೇಬರು ತಲೆ ಹಿಡಿದುಕೊಂಡು ಬಂದು, ಇದೇನಮ್ಮ ಕಚೇರಿಯೋ ಸೈಕಲ್ ಅಂಗಡಿಯೋ, ಯಾವಾಗ ನೋಡಿದರೂ ಟಿಂಗ್ ಟಿಂಗ್, ಅಂದರು, ಆಕೆ ಕೂತಲ್ಲೇ ಒಂದು ಸಾಲು ಬರೆದು ಇಡೀ ಕಟ್ಟಡದ ಬೆಲ್ಲು ಬಂದ್ ಮಾಡಿದಳು, ಎಲ್ಲರೂ ಉಸ್ಸಪ್ಪಾ ಅಂದರು, ಆಕೆಗೂ ಒಂಥರಾ ಹೆಮ್ಮೆಯಾಯಿತು, ಮೂರನೇ ಮಹಡಿಯ ತುದಿಯ ಕೋಣೆ ಮನಸ್ಸಿಗೇ ಬರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಆ ಚುಕ್ಕಿಪಟ್ಟಿಯನ್ನು ತನ್ನ ಕೈಯಾರೆ ತಿರುಪು ಹಾಕಿ ಕೂರಿಸಿದವಳು ತಾನೇ, ಆವತ್ತು ತಂತಿ ಇನ್ನೂ ಸೇರಿಸಿರಲಿಲ್ಲ, ನಾದಿನಿಗೆ ತಡೆಯಲಾಗದೆ ಬಂದು ಕೂತು ಬೋಳು ಪಟ್ಟಿಯ ಮೇಲೆ ತೋರುಬೆರಳಿಟ್ಟುಕೊಂಡಿದ್ದಳು, ಏನೂ ಇಲ್ಲ ಕಣೇ ಇನ್ನೂ ಎಂದರೂ ತೆಗೆಯಲಿಲ್ಲ, ಬರಲಿ ಬಿಡು, ಕಾಯ್ತೀನಿ, ಬೆರಳು ಉಗುರು ಬೆಳ್ಳಗಾಗುವಷ್ಟು ಒತ್ತಿರಲಿಲ್ಲ, ಸುಮ್ಮನೆ ಮುಟ್ಟಿತ್ತು, ಕಾಯುತ್ತಿತ್ತು.

ಹಾಗಾದರೆ ಗೊತ್ತಿಲ್ಲದೆಯೇ ಕೂತಿದ್ದಾಳೋ, ಗೊತ್ತಿದ್ದೂ ಕೂತಿದ್ದಾಳೋ. ಎರಡೂ ಆಗಬಹುದು, ಅದೇ ತಲೆ ಕೊರೆಯುವುದು, ಮಾತಾಡುತ್ತಿದ್ದರೆ ಫೋನೆತ್ತಿ ಕೇಳಬಹುದಿತ್ತು, ಮೇಲಿನ ಫೋನು ಕರೆಂಟಿನ ಜೊತೆಗೇ ಸತ್ತಿದೆ, ಮಾತು ಅದಕ್ಕೂ ಮುಂಚೆ. ಸಾಹೇಬರ ಕೋಣೆಯಲ್ಲಿ, ಹೋದ ವಾರದ ಹಿಂದಿನ ವಾರ, ಅತ್ತಿಗೆ ನಾದಿನಿ ಇಬ್ಬರನ್ನೂ ಕೂರಿಸಿ ಚಹಾ ತರಿಸಿ ಅವರು ಹೇಳಿದರು, ಬಂದರಿನ ಊರಿನಲ್ಲಿ ನಮ್ಮದೊಂದು ಶಾಖೆ ತೆರೀತಿದೀವಿ, ಅದರ ಮುಖ್ಯಸ್ಥೆಯಾಗಿ ನೀವು ಹೋಗ್ತೀರಾ, ಅಂತ ಕೇಳಿದ್ದು ನಾದಿನಿಯನ್ನು, ನೋಡಿದ್ದೂ ಅವಳನ್ನೇ, ಅವಳು ಲೋಟ ಕೆಳಗಿಟ್ಟು ಬಾಯಿ ತೆರೆಯುವ ಮೊದಲೇ ಆಕೆ, ಅಯ್ಯೋ ಎಲ್ಲಿ ಆಗುತ್ತೆ ಸಾರ್ ಅವಳಿಗೆ, ಗೊತ್ತಿಲ್ಲದ ಊರು, ಒಬ್ಬಳೇ, ಎಂದುಬಿಟ್ಟಿದ್ದಳು, ನಗುತ್ತಲೇ, ಅಕ್ಕರೆಯಿಂದಲೇ, ದೇವರಾಣೆ ಅಕ್ಕರೆಯಿಂದಲೇ. ಸಾಹೇಬರು ಹೂಂ ಅಂದರು. ನಾದಿನಿ ಮೆಟ್ಟಿಲಿನ ಹತ್ತಿರ ಕಂಬಿ ಹಿಡಿದು ನಿಂತು ಹೇಳಿದಳು, ನನ್ನ ಬಾಯಿ ನಿಮ್ಮ ಹತ್ರ ಯಾವಾಗ ಬಂತು ಅತ್ತಿಗೆ. ನಿಮ್ಮ ಹತ್ರ! ಆಕೆ ಮದುವೆಯಾಗಿ ಬಂದ ವರ್ಷದಿಂದ ನೀನು ಅಂತಿದ್ದವಳು ಒಂದೇ ಮೆಟ್ಟಿಲಿನಲ್ಲಿ ನೀವು ಮಾಡಿಬಿಟ್ಟಳು, ಅಲ್ಲಿಂದ ಮುಂದೆ ಅದೂ ಇಲ್ಲ, ಊಟಕ್ಕೆ ಕೂತರೆ ಅಣ್ಣನ ಕಡೆ ತಿರುಗಿ ಉಪ್ಪು ಕಮ್ಮಿ ಅಂತ ಹೇಳು ಅನ್ನುತ್ತಾಳೆ, ಮಗಳ ಹತ್ತಿರ ಹರಟೆ, ಬೆಕ್ಕಿನ ಹತ್ತಿರವೂ ಹರಟೆ, ಬೆಕ್ಕಿಗಿಂತ ಕಡೆಯಾದೆನೇ ನಾನು ಎಂದು ಗಂಡನ ಹತ್ತಿರ ಕಣ್ಣೀರು ಹಾಕಿದರೆ ಅವನು ಪೇಪರಿನ ಹಿಂದಿನಿಂದ, ನಿಮ್ಮಿಬ್ಬರ ಮಧ್ಯೆ ನಾನು ಬಂದ್ರೆ ಇಬ್ಬರೂ ಸೇರಿ ನನ್ನೇ ಹೊಡೀತೀರಿ, ಅನುಭವ ಇದೆ ನನಗೆ, ಎಂದ. ಅದೂ ನಿಜವೇ. ಆದರೆ ಈ ವಾರ ಪೂರ್ತಿ ಅವಳು ಕೆಲಸ ಮುಗಿದ ಮೇಲೂ ಕೋಣೆಯಲ್ಲೇ ಕೂತು ಏನೋ ಬರೆಯುತ್ತಿದ್ದಾಳಲ್ಲ, ಇವತ್ತು ಬೆಳಿಗ್ಗೆಯಿಂದಲೂ ಬರೆಯುತ್ತಿದ್ದಾಳೆ, ಪಾಠಪುಸ್ತಕದ ಪಾಲು ಯಾವಾಗಲೋ ಒಪ್ಪಿಸಿದ್ದಾಳೆ, ಮತ್ತೇನದು?

ನೋಡಬಹುದು. ಅದೇ ಇರುವುದು ತಮಾಷೆ, ನೋಡಬಹುದು, ಈ ಕುರ್ಚಿಯಲ್ಲಿ ಕೂತವರಿಗೆ ಯಾರ ಪರದೆಯ ಮೇಲೆ ಏನಿದೆಯೆಂದು ನೋಡುವ ಅಧಿಕಾರವಿದೆ, ಒಂದು ಸಾಲು ಬರೆದು ಒಂದು ಗುಂಡಿ ಒತ್ತಿದರೆ ಸಾಕು, ಇಷ್ಟು ವರ್ಷದಲ್ಲಿ ಒಂದು ದಿನ ಒತ್ತಿದವಳಲ್ಲ, ಅಲ್ಪವಿರಾಮ ಕೆಲಸದ ಹೊತ್ತಿನಲ್ಲಿ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದಾನೆಂದು ಊರಿಗೆಲ್ಲ ಗೊತ್ತು, ಕೊಲೆಗಾರ ಯಾರೆಂದು ತಿಳಿಯುವ ಆಸೆ ಎಷ್ಟಿತ್ತು, ಆದರೂ ಮುಟ್ಟಲಿಲ್ಲ, ಬೇರೆಯವರ ಜೇಬಿಗೆ ಕೈ ಹಾಕಿದ ಹಾಗೆ ಅದು, ಆದರೆ ಇವತ್ತು ಕಾರಣವಿದೆ, ಬ್ಯಾಟರಿ ಇಳಿಯುತ್ತಿದೆ, ಅವಳ ಬರಹ ಹಾಳಾಗದ ಹಾಗೆ ಉಳಿಸುವುದು ಯಂತ್ರದಮ್ಮನ ಕರ್ತವ್ಯ, ಹೌದು, ಕಚೇರಿಯಲ್ಲಿ ಎಲ್ಲರೂ ಆಕೆಯನ್ನು ಕರೆಯುವುದೇ ಯಂತ್ರದಮ್ಮ ಎಂದು, ಉಳಿಸಬೇಕಾದರೆ ಏನಿದೆಯೆಂದು ಒಂದು ಕಣ್ಣು ಹಾಯಿಸಿದರೆ ತಪ್ಪೇನು, ಯಾರು ಬೇಡ ಅಂದಾರು, ಯಾರಿಗೆ ತಿಳಿದೀತು, ಬೆರಳುಗಳು ತಾವಾಗಿಯೇ ಆ ಸಾಲನ್ನು ಬರೆದುಬಿಟ್ಟಿವೆ, ಅಕ್ಷರ ಒಂದೂ ತಪ್ಪಿಲ್ಲ, ಒತ್ತುವುದೊಂದೇ ಬಾಕಿ. ಒತ್ತಲಿಲ್ಲ. ಒತ್ತಿದರೆ ಗೊತ್ತಾಗುತ್ತದೆ, ಗೊತ್ತಾದರೆ ಮುಖ ಹೇಗಿಟ್ಟುಕೊಳ್ಳುವುದು, ಮುಖ ಅವಳಿಗೆ ಕಾಣುವುದಿಲ್ಲ ನಿಜ, ದನಿ ಕಾಣುತ್ತದೆ, ಆಕೆ ಸುಳ್ಳು ಹೇಳಿದಾಗಲೆಲ್ಲ ಕೊನೆಯ ಅಕ್ಷರವನ್ನು ನುಂಗುತ್ತಾಳಂತೆ, ನಾದಿನಿಯೇ ಕಂಡುಹಿಡಿದದ್ದು. ಹೀಗೆ ಕೂತಿರುವಾಗ ಕಿಟಕಿಯ ಆಚೆಯಿಂದ ಲೈನ್‌ಮನ್ ತಲೆ ತೂರಿಸಿ, ಅಮ್ಮಾ, ಇನ್ನೂ ಆಗ್ಲಿಲ್ವಾ, ನಿಮ್ಮ ಬ್ಯಾಟರಿ ತಂತೀನೂ ಬಿಚ್ಬೇಕು ನಾವು, ಬೇಗ, ಅಂದ, ಆಕೆ ಬೆಚ್ಚಿಬಿದ್ದು, ಆಯ್ತಪ್ಪ ಆಯ್ತು, ಒಬ್ಬರು ಇದಾರೆ ಒಳಗೆ ಅಂದಳು, ಅವನು ಯಂತ್ರದ ಕಪಾಟಿನ ಕಡೆ ನೋಡಿ, ಇದರ ಒಳಗಾ, ಎಂದು ಕಣ್ಣು ಕಿರಿದು ಮಾಡಿದ.

ಅಳಿಸಿ, ಬರೆದ ಸಾಲನ್ನು ಅಕ್ಷರ ಅಕ್ಷರವಾಗಿ ಅಳಿಸಿ, ನಾದಿನಿಯೊಬ್ಬಳಿಗೇ ಹೋಗುವ ಹಾಗೆ ನೇರವಾಗಿ ಬರೆದಳು, ಅದು ಕೆಳಗಿನ ಸಾಲಿಗಲ್ಲ, ಅವಳು ಬರೆಯುತ್ತಿರುವ ಜಾಗಕ್ಕೇ ಹೋಗಿ ಬೀಳುತ್ತದೆ, ಬೆರಳಿನ ಅಡಿಗೇ, ಮೊದಲ ಮಾತು ತಾನೇ ಆಡಬೇಕಾಯಿತಲ್ಲ ಎಂದು ಒಂದು ಕ್ಷಣ ಮೂಗು ಕೆಂಪಾಯಿತು, ಆಗಲಿ, ಶಾಲೆಯ ಮಕ್ಕಳ ಪುಸ್ತಕಕ್ಕಾಗಿ ಎಂದುಕೊಂಡು ಕಳಿಸಿದಳು, ನಾನು, ಯಂತ್ರ ನಿಲ್ಲಿಸಬೇಕು, ಉಳಿಸಿ ಹೊರಗೆ ಬಾ. ಮೇಲೆ, ಮೂರನೇ ಮಹಡಿಯಲ್ಲಿ, ಆ ಬೆರಳಿನ ಕೆಳಗೆ ಈಗ ಮೊಳೆಗಳು ಎದ್ದಿರಬೇಕು, ಅವಳದ್ದಲ್ಲದ ಮಾತು, ಬೆರಳು ನಿಂತಿರಬೇಕು. ಉತ್ತರ ಬಂತು, ನಾನು ಅಂದ್ರೆ ಯಾರು. ನೋಡಿ ಇವಳ ಕೊಬ್ಬು! ಕಳಿಸಿದವರ ಹೆಸರು ಮೊದಲೇ ಬಂದಿರುತ್ತದೆ, ಓದಿಯೇ ಕೇಳುತ್ತಿದ್ದಾಳೆ, ನಿನ್ನ ಅತ್ತಿಗೆ, ಇನ್ಯಾರು. ಓ ನೀವಾ. ಹೌದು ನಾವೇ, ಬ್ಯಾಟರಿ ಮುಗೀತಿದೆ, ಎಲ್ಲರೂ ಹೋದ್ರು, ಎಲ್ಲರಿಗೂ ಆಗಲೇ ಹೇಳಿದ್ದೀನಿ. ನನಗೆ ಹೇಳ್ಲಿಲ್ಲ, ಬೆಲ್ ಬರ್ಲಿಲ್ಲ. ಹಾಗಾದರೆ ಮುನಿಸಲ್ಲ, ಗೊತ್ತಿರಲಿಲ್ಲ, ಪಾಪ, ಕಟ್ಟಡ ಖಾಲಿಯಾದ ಸದ್ದು ಊಟದ ಹೊತ್ತೆಂದುಕೊಂಡಿದ್ದಾಳೆ, ಮತ್ತೆ ಬಂತು ಅವಳದ್ದೇ, ಹೋದ ವಾರದಿಂದ ಇಲ್ಲ, ಕೆಟ್ಟಿದೆ ಅಂದ್ಕೊಂಡೆ, ಕೇಳೋಣ ಅಂದ್ರೆ ಮಾತಿಲ್ವಲ್ಲ. ಕೆಟ್ಟಿದೆ ಎಂದೇ ಹೇಳಿಬಿಡಬಹುದಿತ್ತು, ಬರಹದಲ್ಲಿ ಕೊನೆಯ ಅಕ್ಷರ ನುಂಗಿದ್ದು ತಿಳಿಯುವುದಿಲ್ಲ, ಆದರೆ ಕೈ ನಿಜವನ್ನೇ ಬರೆಯಿತು, ಕೆಟ್ಟಿಲ್ಲ, ನಾನೇ ಆರಿಸಿದೆ. ಬ್ಯಾಟರಿ ಹಲ್ಲು ಕಡಿಯಿತು. ಯಾರನ್ನ ಕೇಳಿ. ಮೂರು ಶಬ್ದವೂ ಇಲ್ಲ, ಪ್ರಶ್ನೆಯ ಚಿಹ್ನೆಯೂ ಇಲ್ಲ, ಕಪಾಳಕ್ಕೆ ಬಿಟ್ಟ ಹಾಗಾಯಿತು ಆಕೆಗೆ, ಯಾರನ್ನೂ ಕೇಳಲಿಲ್ಲ, ಸಾಹೇಬರು ಅಂದರು ಮಾಡಿದೆ, ಎಲ್ಲರಿಗೂ ಒಳ್ಳೆಯದೆಂದು, ಆ ಎಲ್ಲರಲ್ಲಿ ನೀನಿರಲಿಲ್ಲ, ಚಹಾ ಕುಡಿಯುವಾಗಲೂ ಹಾಗೇ, ನಿನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ನಿನ್ನನ್ನೇ ಕೇಳಲಿಲ್ಲ, ಎಲಾ, ಎರಡೂ ಒಂದೇ ತಪ್ಪು, ಎರಡು ವಾರದಲ್ಲಿ ಒಂದೇ ತಪ್ಪನ್ನು ಎರಡು ಸಲ ಮಾಡಿ ಬೆಕ್ಕಿನ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ತಾನು. ಬರೆದದ್ದು ಮಾತ್ರ ಇಷ್ಟು, ಯಾರನ್ನೂ ಕೇಳ್ಲಿಲ್ಲ, ತಪ್ಪಾಯ್ತು.

ಅದಕ್ಕೆ ನಾದಿನಿ, ಒಂದು ಪ್ಯಾರಾ ಬಾಕಿ ಇದೆ, ಮುಗಿಸಿ ಬರ್ತೀನಿ, ಅಂದಳು, ಆಕೆ ಮುಳ್ಳು ನೋಡಿದಳು, ಕೆಂಪು ಗೆರೆಯ ಹತ್ತಿರ, ಈಗಿಂದೀಗ ಹೊರಗೆ ಹಾಕುವ ಅಧಿಕಾರವೂ ಇದೆ, ಕತ್ತು ಹಿಡಿದು ನೂಕುವುದು, ಮಕ್ಕಳ ಪುಸ್ತಕವೆಲ್ಲ ಒಂದು ಕಡೆ, ಇವಳ ಒಂದು ಪ್ಯಾರಾ ಒಂದು ಕಡೆ, ಮೇಷ್ಟ್ರಾಗಿದ್ದರೆ ಏನು ಮಾಡುತ್ತಿದ್ದರು, ಗಡ್ಡ ತುರಿಸಿಕೊಂಡು ಇನ್ನೊಂದು ಲೋಟ ಚಹಾ ಹೇಳುತ್ತಿದ್ದರು, ಆಕೆ ಬರೆದಳು, ಬೇಗ ಮುಗಿಸು, ಜಾಸ್ತಿ ಹೊತ್ತಿಲ್ಲ. ಹೂಂ. ಆಮೇಲೆ, ಸ್ವಲ್ಪ ಬಿಟ್ಟು, ಇನ್ನೊಂದು, ನೀವು ನೋಡಬಹುದು ಅಲ್ವಾ ಅಲ್ಲಿಂದ. ನೋಡಬಹುದು. ನೋಡಿದ್ರಾ. ಇಲ್ಲ. ನೋಡಬೇಡಿ. ನೋಡಲ್ಲ, ಎಂದು ಬರೆದು ಆಕೆ ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು, ಹೀಗೆ ಕೂತದ್ದು ಶಾಲೆಯಲ್ಲಿ, ಈಗ ಈ ವಯಸ್ಸಿನಲ್ಲಿ. ಏನು ಬರೆಯುತ್ತಿರಬಹುದು, ಬರುವುದಿಲ್ಲ ಎಂದು ಸಾಹೇಬರಿಗೆ ಬರೆಯಲು ಇಷ್ಟು ಹೊತ್ತು ಬೇಡ, ಬರುತ್ತೇನೆ ಎಂದೋ, ಇರಲಾರದು, ಬಂದರಿನ ಊರೆಂದರೆ ರಸ್ತೆ ತುಂಬ ಲಾರಿ, ಬೀದಿ ದಾಟಿಸುವವರು ಯಾರು, ಇಲ್ಲೇನು ದಾಟಿಸುತ್ತೀಯಾ ನೀನು, ಅವಳೇ ದಾಟುತ್ತಾಳೆ, ಮಳೆಯ ದಿನ ಛತ್ರಿ ಬಿಚ್ಚುವುದರಲ್ಲಿ ಮುಳುಗಿದ್ದ ಆಕೆಯನ್ನು ಸೆರಗು ಹಿಡಿದು ಹಿಂದಕ್ಕೆಳೆದವಳು ಅವಳೇ, ಮೋಟಾರು ಬರ್ತಿದೆ ಅತ್ತಿಗೆ, ಕಣ್ಣಿಲ್ವಾ ನಿನಗೆ, ಎಂದು ನಡುಬೀದಿಯಲ್ಲಿ ಗದರಿ ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು — ಅಥವಾ ಯಾರಿಗಾದರೂ ಪ್ರೇಮಪತ್ರವೋ, ಯಾರಿಗೆ, ಅಲ್ಪವಿರಾಮನಿಗಾ, ಛೆ ಛೆ, ಅವನು ಪ್ರೀತಿಸುತ್ತೇನೆ ಎಂದು ಹೇಳಿ ಮುಗಿಸುವುದರೊಳಗೆ ಇವಳಿಗೆ ವಯಸ್ಸಾಗಿರುತ್ತದೆ, ಅಥವಾ ಆಕೆಯ ಮೇಲೆ ದೂರೋ, ಸಾಹೇಬರೇ, ಯಂತ್ರದಮ್ಮ ನನ್ನ ಬೆಲ್ಲನ್ನೂ ಬಾಯಿಯನ್ನೂ ಬಂದ್ ಮಾಡಿದ್ದಾರೆ — ಅದಾದರೂ ಆಗಲಿ, ತಿಳಿದರೆ ಸಾಕಲ್ಲ, ತಿಳಿಯದೆ ಇರುವುದಿದೆಯಲ್ಲ, ಅದು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ, ನಾಲಿಗೆ ಸುಮ್ಮನಿರುವುದಿಲ್ಲ. ತೊಡೆಯ ಕೆಳಗಿನ ಕೈ ಜೋಮು ಹಿಡಿಯಿತು. ಬ್ಯಾಟರಿ ಒಮ್ಮೆ ಕಿರ್ರೆಂದು ಕೂಗಿತು, ಕೆಂಪು ದೀಪ ಹತ್ತಿತು. ದೇವರೇ, ಬಾರೇ, ಬೇಗ ಬಾರೇ. ಪರದೆಯ ಸಾಲು ಒಮ್ಮೆ ಮಿನುಗಿ ಬದಲಾಯಿತು, ಒಳಗಿರುವವರು ಯಾರೂ ಇಲ್ಲ.

ಈಗ ಕೈಗಳಿಗೆ ಬಿಡುವಿಲ್ಲ, ಹೊಸಬರಿಗೆ ಬಾಗಿಲು ಬಂದ್, ಮುದ್ರಣದ ಸರದಿ ನಿಲ್ಲಿಸು, ಹಿನ್ನೆಲೆಯಲ್ಲಿ ಓಡುವ ಪುಟ್ಟ ಪುಟ್ಟ ಕೆಲಸಗಳನ್ನು ಒಂದೊಂದಾಗಿ ಮಲಗಿಸು, ಆಮೇಲೆ ಯಂತ್ರ ತಲೆಯಲ್ಲಿಟ್ಟುಕೊಂಡಿರುವುದನ್ನೆಲ್ಲ ಡಿಸ್ಕಿಗೆ ಇಳಿಸು ಎನ್ನುವ ಅಪ್ಪಣೆ, ಅದನ್ನು ಮೂರು ಸಲ ಕೊಡಬೇಕು, ಮೂರು ಸಲ ಯಾಕೆ ಮೇಷ್ಟ್ರೇ ಎಂದು ಕೇಳಿದ್ದಳು ಮೊದಲ ದಿನ, ಮೊದಲನೇದು ಯಂತ್ರಕ್ಕೆ, ಎರಡನೇದು ನಿನ್ನ ಸಮಾಧಾನಕ್ಕೆ, ಮೂರನೇದು ಬರೆಯೋವಷ್ಟರಲ್ಲಿ ಮೊದಲನೇದು ಮುಗಿದಿರುತ್ತೆ, ಅಂದಿದ್ದರು, ಒಂದು, ಎರಡು, ಮೂರು, ಅಲ್ಲಿ ಇಳಿಯಿತು ಮಕ್ಕಳ ಪುಸ್ತಕ, ಭೂಪಟದ ಅರ್ಧ ಸಮುದ್ರ, ಕೊಲೆಗಾರನ ಹೆಸರು, ಇವಳ ಆ ಪ್ಯಾರಾ. ನಿಲ್ಲು ಎಂಬ ಕೊನೆಯ ಅಪ್ಪಣೆ ಕೊಟ್ಟಾಗಲೇ ಹಿಂದಿನಿಂದ ಬೀಗದ ಕೈಗಳ ಸದ್ದು, ಅವಳ ಸೊಂಟದ ಗೊಂಚಲು, ಮೆಟ್ಟಿಲುಗಳನ್ನು ಒಬ್ಬಳೇ ಇಳಿದು ಬಂದಿದ್ದಾಳೆ, ಕರೆಂಟಿಲ್ಲದ ಕತ್ತಲಲ್ಲಿ ಹೇಗೆ ಬಂದೆ ಎಂದು ಬಾಯಿ ತುದಿಗೆ ಬಂದದ್ದನ್ನು ನಾಲಿಗೆ ಕಚ್ಚಿ ತಡೆದಳು, ಅವಳಿಗೆ ಯಾವ ಕತ್ತಲು. ನಾದಿನಿ ಗೋಡೆ ಸವರಿಕೊಂಡು ಬಂದು ಯಂತ್ರದ ಕಪಾಟು ಸಿಕ್ಕಿದ ಮೇಲೆ ನಿಂತಳು, ನಿಂತಾಯ್ತಾ ಇದು. ಆಗ್ತಿದೆ. ಮತ್ತೆ ಅವಳೇ, ಸಾಹೇಬ್ರಿಗೆ ಬರ್ದೆ. ಆಕೆ ಕೇಳಿದ್ದು ಒಂದೇ ಮಾತು, ಏನಂತ. ಹೋಗ್ತೀನಿ ಅಂತ. ಪ್ಯಾರಾ ಪ್ಯಾರಾ ಬರ್ದು ಅಳಿಸಿ ಕೊನೆಗೆ ಉಳಿದದ್ದು ಎರಡು ಸಾಲು, ಅದಕ್ಕೆ ಒಂದು ವಾರ ಹಿಡೀತು ನೋಡು. ನೋಡು ಅಂದಳು, ನೋಡಿ ಅನ್ನಲಿಲ್ಲ, ಹೋಗ್ತೀನಿ ಅಂದಳು, ಯಾವುದನ್ನು ಮೊದಲು ಹಿಡಿದುಕೊಳ್ಳುವುದೋ ಆಕೆಗೆ ತಿಳಿಯಲಿಲ್ಲ, ಲಾರಿಗಳು, ಗೊತ್ತಿಲ್ಲದ ಮನೆ, ಗೊತ್ತಿಲ್ಲದ ಒಲೆ, ಭಾನುವಾರ ತಲೆಗೆ ಎಣ್ಣೆ ಹಚ್ಚುವವರು ಯಾರು, ಅವಳಿಗಲ್ಲ, ನನಗೆ, ನನ್ನ ತಲೆಗೆ ಹಚ್ಚುವುದು ಅವಳಲ್ಲವೇ, ಒಂದನ್ನೂ ಆಡಲಿಲ್ಲ. ನಿನ್ನ ಮೇಲೂ ಒಂದು ಸಾಲು ಬರ್ದಿದ್ದೆ, ಎಂದಳು ನಾದಿನಿ, ನೋಡಲ್ಲ ಅಂದ್ಯಲ್ಲ, ಆಮೇಲೆ ಅಳಿಸ್ದೆ. ಏನಂತ ಬರ್ದಿದ್ದೆ? ಅಳಿಸಿದ್ದನ್ನ ಕೇಳ್ಬಾರ್ದು ಅತ್ತಿಗೆ. ಹೋಯಿತು, ಇನ್ನು ಸಾಯುವ ತನಕ ಇದೊಂದು ನಾರು ಹಲ್ಲಿನಲ್ಲಿ.

ಪರದೆಯ ಮೇಲೆ, ಯಂತ್ರ ನಿಂತಿದೆ. ಇನ್ನು ಉಳಿದದ್ದು ಗೋಡೆಯ ದೊಡ್ಡ ಸ್ವಿಚ್ಚು, ಅದನ್ನು ಎಳೆದರೆ ಲೈನ್‌ಮನ್‌ಗೆ ಕೂಗಿ ಹೇಳಬಹುದು, ಆಕೆ ಕೈ ಹಾಕಿದಳು, ತಣ್ಣಗಿದೆ ಹಿಡಿ, ಪರದೆ ನಿಂತಿದೆ ಅಂದರೂ ಒಳಗೆ ಡಿಸ್ಕಿನ ತಟ್ಟೆಗಳು ಇನ್ನಷ್ಟು ಹೊತ್ತು ತಿರುಗಿಯೇ ನಿಲ್ಲುವುದು, ಅವು ಪೂರ್ತಿ ನಿಲ್ಲುವ ಮೊದಲು ಎಳೆದರೆ ಈ ವಯಸ್ಸಾದ ಯಂತ್ರ ಮತ್ತೆ ಎದ್ದರೆ ಎದ್ದೀತು, ಇಲ್ಲದಿದ್ದರೆ ಇಲ್ಲ, ಬರೆದದ್ದೆಲ್ಲ ಅದರ ಜೊತೆಗೇ, ಆ ಎರಡು ಸಾಲೂ, ಮುದ್ರಣಕ್ಕೆ ಕರೆಂಟಿರಲಿಲ್ಲ, ಆ ಕಾಗದ ಇನ್ನೂ ಎಲ್ಲೂ ಇಲ್ಲ, ಇದರ ಹೊಟ್ಟೆಯಲ್ಲಿ ಮಾತ್ರ, ಒಂದು ವಾರ ಹಿಡಿದ ಎರಡು ಸಾಲು ಇನ್ನೊಂದು ವಾರ ಹಿಡಿಯಲಿ, ಅಷ್ಟರಲ್ಲಿ ಮನಸ್ಸು ಬದಲಾದರೆ — ಥೂ, ಎಂಥ ಹೆಂಗಸು ನೀನು, ಹಿಡಿಯ ಮೇಲಿರುವ ಇದೇ ಕೈ ಅಲ್ಲವೇ ಮೂರು ಸಲ ಬರೆದು ಅವಳ ಹೊರಟು ಹೋಗುವ ಮಾತನ್ನು ಜೋಪಾನವಾಗಿ ಇಳಿಸಿದ್ದು, ಎಳೆಯಬೇಕಾದರೂ ಅದೇ ಕೈ, ಹೊರಗಿನಿಂದ ಲೈನ್‌ಮನ್, ಅಮ್ಮಾ, ಬಿಚ್ಲಾ, ಎಂದು ಕೂಗುತ್ತಿದ್ದಾನೆ. ಇರು, ಎಂದಳು ನಾದಿನಿ. ಅಂಗೈಯನ್ನು ಕಪಾಟಿಗೆ ಆನಿಸಿದ್ದಾಳೆ, ಇರು, ಇನ್ನೂ ತಿರುಗ್ತಿದೆ. ಆಕೆಗೆ ಏನೂ ಕೇಳಿಸುತ್ತಿಲ್ಲ, ಏನೂ ಕಾಣುತ್ತಿಲ್ಲ, ಪರದೆಯೂ ಕಪ್ಪಾಯಿತು, ಆಯ್ತೇನೋ ಬಿಡೇ ಅನ್ನಬಹುದಿತ್ತು, ಸಾಹೇಬರ ಕೋಣೆಯಲ್ಲಿ ಅಂದ ಹಾಗೆ, ಅಕ್ಕರೆಯಿಂದ, ನಗುತ್ತ. ಅನ್ನಲಿಲ್ಲ. ನೀನೇ ಹೇಳು, ಅಂದಳು, ಯಾವಾಗ ಅಂತ ನೀನೇ ಹೇಳು, ಮತ್ತೆ ಹಿಡಿಯಿಂದ ಕೈ ತೆಗೆದು ತಿರುಗಿ ನೋಡಿದಳು, ಕಿಟಕಿಯ ಬೆಳಕು ಕಪಾಟಿನ ತಗಡಿನ ಮೇಲೆ ಬಿದ್ದಿದೆ, ಅಂಗೈ ಒಂದಿಷ್ಟು ಎದ್ದಿದೆ, ಉಳಿದ ಬೆರಳುಗಳೂ ಎದ್ದಿವೆ, ಒಂದೇ ಬೆರಳು, ತೋರುಬೆರಳು, ಒತ್ತಿಲ್ಲ, ಸುಮ್ಮನೆ ಮುಟ್ಟಿದೆ, ಅದರ ಅಡಿಯಲ್ಲಿ ಅವಳ ಮಾತು ನಿಧಾನವಾಗಿ ತಿರುಗುತ್ತ ನಿಲ್ಲುತ್ತಿದೆ, ಆ ಬೆರಳು, ಬರಲಿ ಬಿಡು ಅಂದಿದ್ದ ಬೆರಳು, ಬೋಳು ತಗಡಿನ ಮೇಲೆ, ಆ ಬೆರಳು ಕಾಯುತ್ತಿದೆ.